ಪೆಟ್ರೋಲಿನ ದಾರಿಯನ್ನು ಹಿಡಿದು: ಹಳೆಯ ಮೋಟಾರು ಸೈಕಲ್ಲಿನ ಕಾರ್ಬ್ಯುರೇಟರಿಗೆ ಕೈಹಚ್ಚುವ ಮುನ್ನ

ಹೊಳಲ್ಕೆರೆಯ ಪೇಟೆಯನ್ನು ಬಿಟ್ಟು ಚಿತ್ರದುರ್ಗದ ಹೆದ್ದಾರಿಯಲ್ಲಿ ನಾಲ್ಕಾರು ಕಿಲೋಮೀಟರು ಸರಾಗವಾಗಿ ಓಡಿದ ಹಳೆಯ ಮೋಟಾರು ಸೈಕಲ್ಲು, ಏರೊಂದು ಎದುರಾದ ಕೂಡಲೆ ವೇಗವನ್ನು ಕಳೆದುಕೊಂಡು, ಎರಡು ಸಲ ಕೆಮ್ಮಿ, ನಿಂತುಹೋಗುವುದು. ಅದನ್ನು ರಸ್ತೆಯ ಪಕ್ಕದ ಹುಣಸೆಯ ನೆರಳಿಗೆ ತಳ್ಳಿ ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಕಿಕ್ ಹೊಡೆದರೆ ಏನೊಂದೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಗುವುದು. ಇನ್ನೆರಡು ಕಿಲೋಮೀಟರು ಕಳೆಯುವುದರೊಳಗಾಗಿ ಅದೇ ಕಥೆ ಮರುಕಳಿಸುವುದು. ಯೆಜ್ಡಿಯನ್ನೋ ಬುಲೆಟ್ಟನ್ನೋ ಆರ್‌ಎಕ್ಸ್ 100ನ್ನೋ ಇಂದಿಗೂ ಮನೆಯಲ್ಲಿ ಉಳಿಸಿಕೊಂಡು, ಅದರ ಮೇಲೆಯೇ ಅಡಿಕೆ ತೋಟಕ್ಕೂ ಸಂತೆಗೂ ಹೋಗಿಬರುವ ನಮ್ಮ ತಾಲ್ಲೂಕಿನ ರೈತರಿಗೆ ಈ ತೊಡಕು ಅಪರಿಚಿತವಲ್ಲ. ಇಂಥ ಸಂದರ್ಭದಲ್ಲಿ ಬಹುಮಂದಿ ಮಾಡುವ ಮೊದಲ ಕೆಲಸವೆಂದರೆ ಸ್ಕ್ರೂಡ್ರೈವರು ಹಿಡಿದು ಕಾರ್ಬ್ಯುರೇಟರಿನ ಸ್ಕ್ರೂಗಳನ್ನು ಅತ್ತಿತ್ತ ತಿರುಗಿಸುವುದು. ಎರಡನೆಯ ಕೆಲಸ, ಕಾರ್ಬ್ಯುರೇಟರನ್ನೇ ಬಿಚ್ಚಿ ಹರವುವುದು. ಈ ಎರಡನ್ನೂ ಸದ್ಯಕ್ಕೆ ಮುಂದೂಡಿರೆಂದು ನಿಮ್ಮನ್ನು ಪ್ರಾರ್ಥಿಸುವುದಕ್ಕಾಗಿಯೇ ಈ ಲೇಖನವನ್ನು ಬರೆಯುತ್ತಿದ್ದೇನೆ. ಕಾರ್ಬ್ಯುರೇಟರಿನದೆಂದು ನಾವು ಭಾವಿಸುವ ದೋಷಗಳಲ್ಲಿ ಎಷ್ಟೋ ಪಾಲು ಅದರ ದೋಷವಾಗಿರದೆ, ಅದನ್ನು ಪೆಟ್ರೋಲು ತಲಪುವ ಮಾರ್ಗದ ದೋಷವಾಗಿರುತ್ತದೆ. ಆ ಮಾರ್ಗವನ್ನು ಮೇಲಿನಿಂದ ಕೆಳಕ್ಕೆ ಅನುಕ್ರಮವಾಗಿ ಪರೀಕ್ಷಿಸಿದವನಿಗೆ ಅರ್ಧ ಗಂಟೆಯಲ್ಲಿ ಸಿಕ್ಕುವ ಉತ್ತರ, ಅಡ್ಡಾದಿಡ್ಡಿಯಾಗಿ ಹುಡುಕಿದವನಿಗೆ ಅರ್ಧ ದಿನದಲ್ಲಿಯೂ ಸಿಕ್ಕದು.

ಹಳೆಯ ಗಾಡಿ, ಹೊಸ ಪೆಟ್ರೋಲು

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಝೆಕೊಸ್ಲೊವಾಕಿಯಾದ ಜಾವಾ ಗಾಡಿಗಳನ್ನು ನಮ್ಮ ನಾಡಿನಲ್ಲಿಯೇ ತಯಾರಿಸತೊಡಗಿತು. ಮುಂದೆ ಅದೇ ಕಾರ್ಖಾನೆಯಿಂದ ಯೆಜ್ಡಿ ಹೊರಬಂದು, 1996ರಲ್ಲಿ ಅಲ್ಲಿಯ ಉತ್ಪಾದನೆ ನಿಂತಿತು. 1985ರಲ್ಲಿ ಬಂದ ಯಮಹಾ ಆರ್‌ಎಕ್ಸ್ 100, ಅದೇ ವರ್ಷದ ಹೀರೋ ಹೋಂಡಾ ಸಿಡಿ 100, ಇವುಗಳಿಗಿಂತ ಎಷ್ಟೋ ಹಳೆಯದಾದ ಬುಲೆಟ್ಟು, ಇವೆಲ್ಲವೂ ಒಂದೇ ತತ್ತ್ವದ ಕಾರ್ಬ್ಯುರೇಟರನ್ನು ಧರಿಸಿದವು. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್-6 ನಿಯಮಗಳ ತರುವಾಯ ಹೊಸ ಮೋಟಾರು ಸೈಕಲ್ಲುಗಳಲ್ಲಿ ಕಾರ್ಬ್ಯುರೇಟರು ಹೆಚ್ಚುಕಡಿಮೆ ಕಣ್ಮರೆಯಾಯಿತು. ಅದನ್ನು ಕಿವಿಯಿಂದಲೂ ಬೆರಳಿನಿಂದಲೂ ಅರಿತಿದ್ದ ಕುಶಲಿಗಳ ಸಂಖ್ಯೆಯೂ ಅದರೊಡನೆ ಇಳಿಯುತ್ತಿದೆ. ಆದಕಾರಣ ಗಾಡಿಯ ಒಡೆಯನೇ ಅಷ್ಟಿಷ್ಟು ತಿಳಿದುಕೊಂಡಿರುವುದು ಈಗ ಹವ್ಯಾಸವಲ್ಲ, ಅವಶ್ಯಕತೆ.

ಇನ್ನೊಂದು ಬದಲಾವಣೆಯನ್ನೂ ಗಮನಿಸಬೇಕು. ಶೇಕಡಾ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲನ್ನು 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿಯೇ ಬಿಡುಗಡೆ ಮಾಡಲಾಯಿತು. ಈಗ ಬಂಕುಗಳಲ್ಲಿ ದೊರೆಯುವುದು ಬಹುಮಟ್ಟಿಗೆ ಅದೇ. ಎಥೆನಾಲಿಗೆ ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣವುಂಟು. ಹೀರಿದ ನೀರು ಒಂದು ಮಿತಿಯನ್ನು ಮೀರಿದರೆ ನೀರೂ ಎಥೆನಾಲೂ ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಹಳೆಯ ರಬ್ಬರಿನ ಕೊಳವೆ, ವಾಷರು, ಸೀಲುಗಳು ಇದರಿಂದ ಊದಿಕೊಳ್ಳುವುದೂ ಮೆತ್ತಗಾಗುವುದೂ ಉಂಟು. ಇಷ್ಟಲ್ಲದೆ, ಎಥೆನಾಲಿನಲ್ಲಿಯೇ ಆಮ್ಲಜನಕ ಅಡಕವಾಗಿರುವುದರಿಂದ, ಅದೇ ಜೆಟ್ಟಿನಿಂದ ಅದೇ ಪ್ರಮಾಣದ ಇಂಧನ ಹರಿದರೂ ಮಿಶ್ರಣವು ಮೊದಲಿಗಿಂತ ತುಸು ತೆಳುವಾಗುತ್ತದೆ. ಹಿಂದೆ ಸಹಿಸಬಹುದಾಗಿದ್ದ ಸಣ್ಣ ಅವರೋಧವು ಇಂದು ಗಾಡಿಯನ್ನು ನಿಲ್ಲಿಸುವುದಕ್ಕೆ ಇದೂ ಒಂದು ಕಾರಣ.

ಒಳಗೆ ನಡೆಯುವುದೇನು?

ಕಾರ್ಬ್ಯುರೇಟರಿನ ಗಂಟಲು ನಡುವೆ ಕಿರಿದಾಗಿರುತ್ತದೆ. ಪಿಸ್ಟನ್ನಿನ ಸೆಳೆತಕ್ಕೆ ಒಳಗೆ ನುಗ್ಗುವ ಗಾಳಿ ಆ ಕಿರಿದಾದೆಡೆಯಲ್ಲಿ ವೇಗವನ್ನು ಪಡೆಯುತ್ತದೆ. ವೇಗ ಹೆಚ್ಚಿದಲ್ಲಿ ಒತ್ತಡ ತಗ್ಗುವುದು ಪ್ರಕೃತಿನಿಯಮ. ಕೆಳಗಿನ ಬಟ್ಟಲಿನಲ್ಲಿ ನಿಂತ ಪೆಟ್ರೋಲಿನ ಮೇಲಾದರೋ ಹೊರಗಿನ ವಾಯುಮಂಡಲದ ಪೂರ್ಣ ಒತ್ತಡವಿರುತ್ತದೆ. ಈ ಎರಡು ಒತ್ತಡಗಳ ಅಂತರವೇ ಪೆಟ್ರೋಲನ್ನು ಜೆಟ್ಟಿನ ರಂಧ್ರದ ಮೂಲಕ ಮೇಲಕ್ಕೆ ನೂಕಿ ಗಾಳಿಯಲ್ಲಿ ತುಂತುರಾಗಿ ಬೆರೆಸುತ್ತದೆ. ಅಂತರವು ಅತ್ಯಲ್ಪವಾದುದರಿಂದ ಬಟ್ಟಲಿನಲ್ಲಿ ಪೆಟ್ರೋಲಿನ ಮಟ್ಟ ಒಂದೆರಡು ಮಿಲಿಮೀಟರು ಏರಿಳಿದರೂ ಮಿಶ್ರಣದ ಹದ ಕೆಡುತ್ತದೆ. ಆ ಮಟ್ಟವನ್ನು ಕಾಯುವುದಕ್ಕೆಂದೇ ಫ್ಲೋಟೂ ಅದರ ಸೂಜಿಕವಾಟವೂ ಇರುವುದು. ಪೆಟ್ರೋಲು ಕಡಿಮೆಯಾದಾಗ ಫ್ಲೋಟ್ ಇಳಿದು ಸೂಜಿ ಬಾಗಿಲು ತೆರೆಯುತ್ತದೆ, ತುಂಬಿದಾಗ ಏರಿ ಮುಚ್ಚುತ್ತದೆ.

ಟ್ಯಾಂಕಿನಿಂದ ಈ ಬಟ್ಟಲಿನವರೆಗೆ ಪೆಟ್ರೋಲನ್ನು ಒಯ್ಯುವ ಶಕ್ತಿ ಭೂಮಿಯ ಆಕರ್ಷಣೆಯೊಂದೇ, ನಡುವೆ ಪಂಪಿಲ್ಲ. ಕೆರೆಯ ತೂಬಿನಿಂದ ಗದ್ದೆಗೆ ನೀರು ಹರಿಯುವ ಕ್ರಮವೇ ಇಲ್ಲಿಯದೂ. ಗದ್ದೆ ಒಣಗಿತೆಂದು ಯಾವ ರೈತನೂ ಗದ್ದೆಯ ನಡುವೆ ಅಗೆಯಲು ತೊಡಗುವುದಿಲ್ಲ. ತೂಬಿನಿಂದ ಕಾಲುವೆಗುಂಟ ನಡೆದು ಬಂದು ಎಲ್ಲಿ ಕಟ್ಟಿದೆಯೆಂದು ನೋಡುತ್ತಾನೆ.

ಏರಿನಲ್ಲಿ ನಿಂತು ನೆರಳಿನಲ್ಲಿ ಚೇತರಿಸಿಕೊಳ್ಳುವ ಗಾಡಿಯ ರಹಸ್ಯವೂ ಇಲ್ಲಿಯೇ ಇದೆ. ಬಟ್ಟಲಿನಲ್ಲಿ ಹಿಡಿಯುವ ಪೆಟ್ರೋಲು ಹತ್ತಾರು ಮಿಲಿಲೀಟರು ಮಾತ್ರ. ಲೀಟರಿಗೆ 35 ಕಿಲೋಮೀಟರು ಕೊಡುವ ಗಾಡಿಯಲ್ಲಿ 30 ಮಿ.ಲೀ. ಪೆಟ್ರೋಲು ಒಂದು ಕಿಲೋಮೀಟರಿಗೆ ಸಾಕಾದೀತು, ಅಷ್ಟೆ. ಮಾರ್ಗ ಸಂಪೂರ್ಣ ಮುಚ್ಚಿದ್ದರೆ ಗಾಡಿ ಒಂದು ಕಿಲೋಮೀಟರಿನಲ್ಲಿಯೇ ನಿಲ್ಲಬೇಕು. ನಾಲ್ಕಾರು ಕಿಲೋಮೀಟರು ಹೋಗಿ ನಿಲ್ಲುವುದಾದರೆ ಪೆಟ್ರೋಲು ಬರುತ್ತಿದೆ, ಆದರೆ ಖರ್ಚಾಗುವಷ್ಟು ವೇಗದಲ್ಲಿ ಬರುತ್ತಿಲ್ಲವೆಂದು ತಿಳಿಯಬೇಕು. ಸಮದಾರಿಯಲ್ಲಿ ಹೇಗೋ ಸರಿದೂಗಿದ ಆಯವ್ಯಯ ಏರಿನಲ್ಲಿ ವ್ಯಯ ಹೆಚ್ಚಿದೊಡನೆ ಮುರಿದುಬೀಳುತ್ತದೆ. ಗಾಡಿ ನಿಂತಾಗ ಬಟ್ಟಲು ಮೆಲ್ಲಮೆಲ್ಲನೆ ಮತ್ತೆ ತುಂಬಿಕೊಳ್ಳುತ್ತದೆ.

ಕಿಡಿಯ ದೋಷವಲ್ಲವೆಂದು ಮೊದಲು ನಿಶ್ಚಯಿಸಿಕೊಳ್ಳಿ

ಕಾಯಿಲ್ ಅಥವಾ ಕಂಡೆನ್ಸರು ಹಳತಾದ ಗಾಡಿಯೂ ಬಿಸಿಯಾದಾಗ ನಿಂತು ತಣ್ಣಗಾದಾಗ ಹೊರಡುವುದರಿಂದ, ಪೆಟ್ರೋಲಿನ ದೋಷವೆಂದು ಭ್ರಮೆ ಹುಟ್ಟಿಸುತ್ತದೆ. ಭೇದವನ್ನು ಗುರುತಿಸುವುದಕ್ಕೆ ಮೂರು ಲಕ್ಷಣಗಳು ನೆರವಾಗುತ್ತವೆ. ಕಿಡಿ ತಪ್ಪಿದ ಎಂಜಿನ್ನು ಸ್ವಿಚ್ ಆರಿಸಿದಂತೆ ಥಟ್ಟನೆ ನಿಲ್ಲುವುದು ಹೆಚ್ಚು. ಪೆಟ್ರೋಲು ತಪ್ಪಿದ್ದು ಪಿಕಪ್ ಕಳೆದುಕೊಂಡು, ಮಿಸ್ ಹೊಡೆದು, ಕ್ರಮೇಣ ನಿಲ್ಲುತ್ತದೆ. ಗಾಡಿ ಸೋಲುತ್ತಿರುವಾಗಲೇ ಚೋಕನ್ನು ಸ್ವಲ್ಪ ಎಳೆದು ನೋಡಿ: ಕ್ಷಣಕಾಲ ಚೇತರಿಸಿಕೊಂಡರೆ ಪೆಟ್ರೋಲಿನ ಅಭಾವ ಅಥವಾ ಗಾಳಿಯ ಸೋರಿಕೆ, ಇನ್ನಷ್ಟು ಕೆಟ್ಟರೆ ಪೆಟ್ರೋಲು ಅತಿಯಾಗಿದೆ, ಏನೂ ವ್ಯತ್ಯಾಸವಿಲ್ಲದಿದ್ದರೆ ಕಿಡಿಯನ್ನು ಶಂಕಿಸಬೇಕು. ಕೊನೆಯದಾಗಿ, ನಿಂತ ತಕ್ಷಣವೇ ಪ್ಲಗ್ಗನ್ನು ಬಿಚ್ಚಿ ನೋಡಿ. ತುದಿ ಒಣಗಿ ಬೆಳ್ಳಗಿದ್ದರೆ ಇಂಧನದ ಅಭಾವ. ಪೆಟ್ರೋಲಿನಿಂದ ತೊಯ್ದಿದ್ದರೆ ಓವರ್‌ಫ್ಲೋ ಆಗಿದೆ, ಇಲ್ಲವೆ ಕಿಡಿ ಬರುತ್ತಿಲ್ಲ. ಒಣ ಮಸಿ ಕಟ್ಟಿದ್ದರೆ ಮಿಶ್ರಣ ದಟ್ಟ. ಬಿಸ್ಕತ್ತಿನ ಕಂದುಬಣ್ಣ ಆರೋಗ್ಯದ ಚಿಹ್ನೆ.

ಎಚ್ಚರಿಕೆ

ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದುದು. ಅದು ಮೇಲೇರಿ ಚದರಿಹೋಗದೆ ನೆಲದ ಗುಂಟ ಹರಿದು ದೂರದ ಬೆಂಕಿಯನ್ನೂ ತಲಪಬಲ್ಲುದು. ನಮ್ಮ ಕಡೆ ಗಾಡಿಯನ್ನು ನಿಲ್ಲಿಸುವ ಶೆಡ್ಡಿನಲ್ಲಿಯೇ ಕೊಯ್ಲಿನ ಕಾಲದಲ್ಲಿ ಅಡಿಕೆ ಬೇಯಿಸುವ ಒಲೆ ಉರಿಯುತ್ತಿರುವುದುಂಟು. ಅಂಥ ಶೆಡ್ಡಿನಲ್ಲಿ, ಒಲೆ ಆರಿದೆಯೆಂದು ತೋರಿದರೂ ಕೆಂಡ ಉಳಿದಿರುವವರೆಗೆ, ಈ ಕೆಲಸವನ್ನು ಮಾಡಲೇಕೂಡದು. ಬಯಲಿನಲ್ಲಿ, ಎಂಜಿನ್ನೂ ಸೈಲೆನ್ಸರೂ ತಣ್ಣಗಾದ ಮೇಲೆ, ಬೀಡಿ ಸಿಗರೇಟು ಹಚ್ಚಿದವರನ್ನು ದೂರವಿಟ್ಟು, ಬಕೆಟ್ಟಿನಲ್ಲಿ ಒಣ ಮರಳನ್ನು ಪಕ್ಕದಲ್ಲಿರಿಸಿಕೊಂಡು ತೊಡಗಿರಿ. ಕೊಳವೆಯ ಪೆಟ್ರೋಲನ್ನು ಬಾಯಿಯಿಂದ ಹೀರುವ ಅಭ್ಯಾಸ ಅಪಾಯಕರ. ಶ್ವಾಸಕೋಶಕ್ಕೆ ಇಳಿದ ಒಂದು ಗುಟುಕು ಪ್ರಾಣಕ್ಕೆ ಸಂಚಕಾರವಾದೀತು.

ಮೇಲಿನಿಂದ ಕೆಳಕ್ಕೆ: ಪರೀಕ್ಷೆಯ ಕ್ರಮ

1. ಟ್ಯಾಂಕಿನ ಮುಚ್ಚಳ. ಪೆಟ್ರೋಲು ಹೊರಕ್ಕೆ ಹರಿದಷ್ಟೂ ಅದರ ಸ್ಥಳವನ್ನು ತುಂಬುವುದಕ್ಕೆ ಗಾಳಿ ಒಳಬರಬೇಕು. ಅದಕ್ಕಾಗಿ ಮುಚ್ಚಳದಲ್ಲಿ ಸೂಕ್ಷ್ಮವಾದ ವಾತರಂಧ್ರವಿರುತ್ತದೆ. ಭೀಮಸಮುದ್ರದ ಕಡೆಯ ಅದಿರಿನ ಕೆಂಧೂಳು, ಬೇಸಗೆಯ ಹೊಲದ ಹುಡಿ, ಗಾಡಿ ತೊಳೆದಾಗ ಕುಳಿತ ಕೆಸರು, ಇವು ಆ ರಂಧ್ರವನ್ನು ಮುಚ್ಚಿದರೆ ಟ್ಯಾಂಕಿನೊಳಗೆ ನಿರ್ವಾತ ಹುಟ್ಟಿ ಹರಿವು ಕುಗ್ಗುತ್ತದೆ. ಗಾಡಿ ನಿಂತೊಡನೆ ಮುಚ್ಚಳವನ್ನು ತೆರೆಯಿರಿ: ಒಳಕ್ಕೆ ಗಾಳಿ ಸೆಳೆದ ಸದ್ದು ಕೇಳಿ, ಗಾಡಿ ಬೇಗನೆ ಹೊರಟರೆ ದೋಷ ಸಿಕ್ಕಿತು. ಇಷ್ಟು ಸರಳವಾದ ಕಾರಣಕ್ಕೆ ಕಾರ್ಬ್ಯುರೇಟರನ್ನು ಬಿಚ್ಚಿಸಿಕೊಂಡವರು ಬಹಳ ಮಂದಿ. ರಂಧ್ರವನ್ನು ತೆಳು ತಂತಿಯಿಂದ ಬಿಡಿಸಿ, ಸಾಬೂನಿನ ನೀರಿನಲ್ಲಿ ತೊಳೆದು, ಒಣಗಿಸಿ ಹಾಕಿರಿ. ಕಳೆದುಹೋದ ಮುಚ್ಚಳದ ಬದಲಿಗೆ ಬೇರೆ ಗಾಡಿಯದನ್ನು ಹಾಕಿದ್ದರೆ, ಇಲ್ಲವೆ ಮಳೆಗೆ ಹೆದರಿ ಮುಚ್ಚಳದ ಮೇಲೆ ಪ್ಲಾಸ್ಟಿಕ್ ಚೀಲ ಬಿಗಿದಿದ್ದರೆ, ಅದನ್ನೂ ನೆನಪಿನಲ್ಲಿಡಿ.

2. ಕಾಕ್ ಮತ್ತು ಅದರ ಜಾಲರಿ. ಪೆಟ್ರೋಲ್ ಕಾಕಿಗೆ ಟ್ಯಾಂಕಿನೊಳಗೆ ಎರಡು ಬಾಯಿಗಳಿರುತ್ತವೆ: ಎತ್ತರದ ನಳಿಗೆಯದು ಸಾಮಾನ್ಯ ಓಟಕ್ಕೆ, ತಳದಲ್ಲಿರುವುದು ರಿಸರ್ವಿಗೆ. ಮುಖ್ಯಸ್ಥಾನದಲ್ಲಿ ಚೆನ್ನಾಗಿ ಓಡಿ ರಿಸರ್ವಿಗೆ ಬಂದೊಡನೆ ಸತಾಯಿಸುವ ಗಾಡಿಯ ಟ್ಯಾಂಕಿನ ತಳದಲ್ಲಿ ತುಕ್ಕೋ ನೀರೋ ನಿಂತಿದೆಯೆಂದೇ ಅರ್ಥ. ಟ್ಯಾಂಕನ್ನು ಬರಿದುಮಾಡಿ, ಕಾಕನ್ನು ಬಿಚ್ಚಿ, ಜಾಲರಿಯನ್ನು ಮೆತ್ತನೆಯ ಬ್ರಷ್ಷಿನಿಂದ ಶುದ್ಧಮಾಡಿ. ಕೆಳಗೆ ಬಟ್ಟಲಿರುವ ಕಾಕುಗಳಲ್ಲಿ ಆ ಬಟ್ಟಲನ್ನೂ ಬಿಚ್ಚಿ ನೋಡಬೇಕು. ಒಳಗಿನ ರಬ್ಬರಿನ ವಾಷರು ಊದಿ ತನ್ನ ರಂಧ್ರವನ್ನು ತಾನೇ ಕಿರಿದು ಮಾಡಿಕೊಂಡಿರುವುದು ಎಥೆನಾಲಿನ ಕಾಲದ ಹೊಸ ರೋಗ. ಇದು ಕಣ್ಣಿಗೆ ಬೀಳದೆ ಹೋಗುವುದರಿಂದ, ಸಂಶಯವಿದ್ದರೆ ಕಾಕನ್ನೇ ಬದಲಿಸುವುದು ಮೇಲು.

3. ಕೊಳವೆ ಮತ್ತು ಫಿಲ್ಟರು. ಕಾಕಿನಿಂದ ಕಾರ್ಬ್ಯುರೇಟರಿಗೆ ಬರುವ ಕೊಳವೆ ಎಲ್ಲಿಯೂ ಮೇಲಕ್ಕೆ ಬಾಗದೆ, ಮಡಿಸಿಕೊಳ್ಳದೆ, ಎಂಜಿನ್ನಿನ ರೆಕ್ಕೆಗಳಿಗೆ ತಾಗದೆ ಇಳಿಯಬೇಕು. ಬೇಕಾದುದಕ್ಕಿಂತ ಉದ್ದವಾದ ಕೊಳವೆ ನಡುವೆ ಜೋತುಬಿದ್ದು ಮತ್ತೆ ಮೇಲೇರಿದರೆ ಆ ಏರಿನಲ್ಲಿ ಗಾಳಿಗುಳ್ಳೆ ನಿಲ್ಲುತ್ತದೆ; ಏಪ್ರಿಲ್ ಮೇ ತಿಂಗಳ ಬಿಸಿಲಿನಲ್ಲಿ, ಬಿಸಿ ಎಂಜಿನ್ನಿನ ಪಕ್ಕದಲ್ಲಿ, ಪೆಟ್ರೋಲೇ ಆವಿಯಾಗಿ ಆ ಗುಳ್ಳೆಯನ್ನು ಬೆಳೆಸುತ್ತದೆ. ಮೆಕ್ಯಾನಿಕ್ಕರು ಏರ್‌ಲಾಕ್ ಎನ್ನುವುದು ಇದನ್ನೇ. ಕಸಕ್ಕೆ ಹೆದರಿ ಕಾರಿನ ಕಾಗದದ ಫಿಲ್ಟರನ್ನು ನಡುವೆ ಸಿಕ್ಕಿಸುವ ರೂಢಿ ಬಂದಿದೆ; ಪಂಪಿನ ಒತ್ತಡಕ್ಕಾಗಿ ರಚಿತವಾದ ಆ ಫಿಲ್ಟರು ಕೇವಲ ಭಾರದಿಂದ ಇಳಿಯುವ ಪೆಟ್ರೋಲಿಗೆ ತಡೆಯಾಗುತ್ತದೆ. ಕಾಕಿನ ಜಾಲರಿ ಸುಸ್ಥಿತಿಯಲ್ಲಿದ್ದರೆ ನಡುವಣ ಫಿಲ್ಟರು ಬೇಕೇ ಇಲ್ಲವೆಂಬುದು ನನ್ನ ಅಭಿಪ್ರಾಯ. ಹಾಕಲೇಬೇಕೆಂದಾದರೆ ದ್ವಿಚಕ್ರಕ್ಕೆಂದೇ ಮಾಡಿದ ಜಾಲರಿಯ ಫಿಲ್ಟರನ್ನು ಲಂಬವಾಗಿ ನಿಲ್ಲುವಂತೆ ಹಾಕಿರಿ.

4. ಹರಿವಿನ ಅಳತೆ. ಈ ಇಡೀ ಕಾರ್ಯದಲ್ಲಿ ಒಂದೇ ಪರೀಕ್ಷೆಗೆ ನಿಮಗೆ ವ್ಯವಧಾನವಿದ್ದರೆ ಇದನ್ನು ಮಾಡಿ. ಟ್ಯಾಂಕಿನಲ್ಲಿ ಕನಿಷ್ಠ ಎರಡು ಲೀಟರು ಇರಲಿ. ಕೊಳವೆಯನ್ನು ಕಾರ್ಬ್ಯುರೇಟರಿನ ತುದಿಯಲ್ಲಿ ಬಿಡಿಸಿ, ಅದೇ ಎತ್ತರದಲ್ಲಿಯೇ ಹಿಡಿದು, ಅಳತೆಯ ಗೆರೆಗಳಿರುವ ಪಾರದರ್ಶಕ ಪಾತ್ರೆಗೆ ಬಿಡಿ. ಮುಚ್ಚಳವನ್ನು ಭದ್ರವಾಗಿ ಹಾಕಿಯೇ ಕಾಕನ್ನು ತೆರೆಯಿರಿ. ಗಂಟೆಗೆ 60 ಕಿಲೋಮೀಟರು ವೇಗದಲ್ಲಿ, ಲೀಟರಿಗೆ 35ರಂತೆ ಓಡುವ ಗಾಡಿಗೆ ಬೇಕಾದುದು ಗಂಟೆಗೆ ಸುಮಾರು 1.7 ಲೀಟರು, ಎಂದರೆ ನಿಮಿಷಕ್ಕೆ 29 ಮಿ.ಲೀ.ನಷ್ಟು, ಏರಿನಲ್ಲಿ ಪೂರ್ಣ ಆಕ್ಸಿಲರೇಟರಿನಲ್ಲಿ ಇದರ ಇಮ್ಮಡಿಯೆಂದು ಇಟ್ಟುಕೊಳ್ಳಿ. ಸೂಜಿಕವಾಟದ ಕಿರಿದಾದ ದಾರಿಯೂ ಮುಂದೆ ಇರುವುದರಿಂದ, ತೆರೆದ ಕೊಳವೆಯಿಂದ ನಿಮಿಷಕ್ಕೆ 150 ಮಿ.ಲೀ.ಗಿಂತ ಕಡಿಮೆ ಬಂದರೆ ಆ ಮಾರ್ಗವನ್ನು ನಾನು ನಂಬಲಾರೆ. ಒಂದು ನಿಮಿಷಕ್ಕೇ ಮುಗಿಸಬೇಡಿ. ಒಂದು ಲೀಟರಾದರೂ ಹರಿಯಲಿ. ಮೊದಲು ಧಾರೆಯಾಗಿ ಬಂದು ಬರುಬರುತ್ತ ದಾರದಂತೆ ತೆಳುವಾದರೆ ಮುಚ್ಚಳವನ್ನು ತೆರೆದು ನೋಡಿ: ಮತ್ತೆ ಧಾರೆ ಕಟ್ಟಿದರೆ ದೋಷ ವಾತರಂಧ್ರದ್ದು, ಕಟ್ಟದಿದ್ದರೆ ಕಾಕಿನ ಜಾಲರಿಯದು. ಬಳಿಕ ಆ ಪಾತ್ರೆಯನ್ನು ಅಲುಗಿಸದೆ ಅರ್ಧ ಗಂಟೆ ಇಡಿ. ತಳದಲ್ಲಿ ಬೇರೆಯಾದ ಪದರವೋ ಉರುಳಾಡುವ ಹನಿಗಳೋ ಕಂಡರೆ ನೀರು. ಕೆಂಪು ಹುಡಿ ಕುಳಿತರೆ ಟ್ಯಾಂಕಿನ ತುಕ್ಕು. ತುಕ್ಕು ಕಂಡ ಮೇಲೆ ಕಾರ್ಬ್ಯುರೇಟರನ್ನು ಎಷ್ಟು ಸಲ ತೊಳೆದರೂ ವ್ಯರ್ಥವೇ. ಟ್ಯಾಂಕನ್ನು ಇಳಿಸಿ, ನೀರಿನಲ್ಲಿ ಕರಗಿಸಿದ ಸಿಟ್ರಿಕ್ ಆಮ್ಲವನ್ನು ತುಂಬಿ ಒಂದು ದಿನ ಬಿಟ್ಟು, ಅಡಿಗೆ ಸೋಡಾದ ನೀರಿನಿಂದ ತೊಳೆದು, ಚೆನ್ನಾಗಿ ಒಣಗಿಸಿ, ತಕ್ಷಣವೇ ಎಣ್ಣೆ ಬೆರೆಸಿದ ಪೆಟ್ರೋಲಿನಿಂದ ಒಳಗೋಡೆಯನ್ನು ತೋಯಿಸಬೇಕು. ಒಣಗಿಸಿದ ಟ್ಯಾಂಕನ್ನು ಒಂದು ರಾತ್ರಿ ಹಾಗೆಯೇ ಬಿಟ್ಟರೂ ಹೊಸ ತುಕ್ಕು ಹಿಡಿಯುತ್ತದೆ.

5. ಬಟ್ಟಲು ಮತ್ತು ಸೂಜಿಕವಾಟ. ಕೊಳವೆಯವರೆಗೆ ಹರಿವು ಸರಿಯಿದ್ದು ಬಟ್ಟಲು ತುಂಬುತ್ತಿಲ್ಲವಾದರೆ ಕವಾಟವನ್ನು ನೋಡಬೇಕು. ಜಾವಾದ ಹಳೆಯ ಜಿಕೋವ್ ಕಾರ್ಬ್ಯುರೇಟರಿನಲ್ಲಿ ಫ್ಲೋಟನ್ನು ಕೆಳಕ್ಕೆ ಒತ್ತುವ ಟಿಕ್ಲರ್ ಗುಂಡಿಯುಂಟು. ಅದನ್ನು ಒತ್ತಿದ ಕೆಲವು ಕ್ಷಣಗಳಲ್ಲಿ ಪೆಟ್ರೋಲು ಉಕ್ಕಿದರೆ ಬಟ್ಟಲಿಗೆ ಬರವಿಲ್ಲ. ಬಟ್ಟಲಿನ ತಳದಲ್ಲಿ ಡ್ರೈನ್ ಸ್ಕ್ರೂ ಇರುವ ಗಾಡಿಗಳಲ್ಲಿ, ನಿಂತ ತಕ್ಷಣ ಅದನ್ನು ಬಿಚ್ಚಿ ಎಷ್ಟು ಬರುತ್ತದೆಂದು ನೋಡಿದರೆ ಸಾಕು. ಸೂಜಿಯ ತುದಿಯಲ್ಲಿ ಉಂಗುರದಂತೆ ಸವೆದ ಗೆರೆ ಬೆರಳುಗುರಿಗೆ ತಾಗಿದರೆ ಸೂಜಿಯನ್ನೂ ಅದರ ಪೀಠವನ್ನೂ ಒಟ್ಟಿಗೆ ಬದಲಿಸಬೇಕು; ಒಂದನ್ನೇ ಬದಲಿಸಿದರೆ ಅವು ಹೊಂದಿಕೊಳ್ಳವು.

6. ಜೆಟ್ಟುಗಳು. ಪೈಲಟ್ ಜೆಟ್ಟಿನ ರಂಧ್ರ ಅರ್ಧ ಮಿಲಿಮೀಟರಿಗಿಂತಲೂ ಸಣ್ಣದು. ಮೈನ್ ಜೆಟ್ಟಿನದು ಸುಮಾರು ಒಂದು ಮಿಲಿಮೀಟರು. ತಿಂಗಳುಗಟ್ಟಲೆ ನಿಂತ ಗಾಡಿಯ ಬಟ್ಟಲಿನಲ್ಲಿ ಪೆಟ್ರೋಲು ಆರಿ ಉಳಿದ ಅಂಟು ಮೊದಲು ಮುಚ್ಚುವುದು ಪೈಲಟ್ಟನ್ನೇ. ಬಿಚ್ಚಿದ ಜೆಟ್ಟನ್ನು ಬೆಳಕಿಗೆ ಹಿಡಿದರೆ ದುಂಡಾದ, ಶುಭ್ರವಾದ ಬೆಳಕಿನ ಬಿಂದು ಕಾಣಬೇಕು. ಕಾರ್ಬ್ಯುರೇಟರ್ ಕ್ಲೀನರಿನಲ್ಲಿ ನೆನೆಸಿ, ಗಾಳಿ ಊದಿ, ಆಗಲೂ ಬಿಡದಿದ್ದರೆ ವಿದ್ಯುತ್ ತಂತಿಯ ಒಂದೇ ಒಂದು ತಾಮ್ರದ ಎಳೆಯನ್ನು ಹಾಯಿಸಿ. ಜೆಟ್ಟುಗಳಷ್ಟೇ ಅಲ್ಲದೆ ಅವು ಕುಳಿತಿರುವ ದೇಹದೊಳಗಿನ ಸೂಕ್ಷ್ಮ ನಾಳಗಳನ್ನೂ ಶುದ್ಧಿಗೊಳಿಸಬೇಕು. ಒಂದು ನಾಳದಲ್ಲಿ ಕ್ಲೀನರನ್ನು ಚಿಮ್ಮಿಸಿ ಅದು ಇನ್ನೊಂದು ತುದಿಯಿಂದ ಹೊರಬರುವುದನ್ನು ಕಣ್ಣಾರೆ ಕಾಣುವವರೆಗೆ ಬಿಡಬೇಡಿ.

7. ಗಾಳಿಯ ಸೋರಿಕೆ. ಕಾರ್ಬ್ಯುರೇಟರೂ ಎಂಜಿನ್ನೂ ಕೂಡುವೆಡೆಯ ರಬ್ಬರು ಬಿರುಕು ಬಿಟ್ಟರೆ, ಇಲ್ಲವೆ ನಟ್ಟನ್ನು ಅತಿಯಾಗಿ ಬಿಗಿದು ಚಪ್ಪಟೆಯ ಮುಖ ಬಾಗಿದ್ದರೆ, ಅಳತೆ ತಪ್ಪಿದ ಗಾಳಿ ಅಲ್ಲಿಂದ ನುಗ್ಗುತ್ತದೆ. ಐಡ್ಲಿಂಗ್ ತಾನಾಗಿ ಏರುವುದು, ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ನು ನಿಧಾನವಾಗಿ ಇಳಿಯುವುದು ಇದರ ಲಕ್ಷಣ. ಐಡ್ಲಿಂಗಿನಲ್ಲಿರುವಾಗ ಆ ಕೂಡುಭಾಗಕ್ಕೆ ನೀರಿನ ತುಂತುರನ್ನು ಹಾಯಿಸಿ. ಸದ್ದು ಬದಲಾದರೆ ಸೋರಿಕೆ ಅಲ್ಲಿಯೇ. ಈ ಪರೀಕ್ಷೆಗೆ ಪೆಟ್ರೋಲನ್ನು ಬಳಸುವವರನ್ನು ಅನುಸರಿಸಬೇಡಿ.

ಟೂ-ಸ್ಟ್ರೋಕ್ ಒಡೆಯರಿಗೊಂದು ಮಾತು

ಯೆಜ್ಡಿಯಂಥ ಗಾಡಿಗಳಲ್ಲಿ ಎಣ್ಣೆಯನ್ನು ಪೆಟ್ರೋಲಿನಲ್ಲಿಯೇ ಬೆರೆಸುವುದರಿಂದ, ಪೆಟ್ರೋಲಿನ ಹರಿವು ಕುಗ್ಗಿದೊಡನೆ ಎಣ್ಣೆಯೂ ಕುಗ್ಗುತ್ತದೆ. ತೆಳುಮಿಶ್ರಣದ ಅಧಿಕ ತಾಪ ಒಂದು ಕಡೆ, ಎಣ್ಣೆಯ ಅಭಾವ ಇನ್ನೊಂದು ಕಡೆ, ಎರಡೂ ಕೂಡಿ ಪಿಸ್ಟನ್ ಸೀಜ್ ಆಗುವುದು ಹೀಗೆ. ಪೆಟ್ರೋಲು ಸರಿಯಾಗಿ ಬಾರದ ಯೆಜ್ಡಿಯನ್ನು ಚೋಕಿನ ಬಲದ ಮೇಲೆ ಹೇಗೋ ಊರು ಮುಟ್ಟಿಸುವ ಸಾಹಸ ಮಾಡಿದರೆ, ಮುಚ್ಚಳದ ರಂಧ್ರವನ್ನು ಬಿಡಿಸುವಷ್ಟಕ್ಕೆ ಮುಗಿಯಬಹುದಾಗಿದ್ದ ಕೆಲಸ ಸಿಲಿಂಡರ್ ಬೋರಿಂಗಿನವರೆಗೆ ಹೋಗುತ್ತದೆ. 25ಕ್ಕೆ 1ರ ಪ್ರಮಾಣವೆಂದರೆ ಲೀಟರಿಗೆ 40 ಮಿ.ಲೀ. ಎಣ್ಣೆ, ನಿಮ್ಮ ಗಾಡಿಯ ಕೈಪಿಡಿ ಹೇಳುವ ಪ್ರಮಾಣವನ್ನೇ ಅನುಸರಿಸಿ, ಟ್ಯಾಂಕಿಗೆ ಸುರಿಯುವ ಮುನ್ನವೇ ಚೆನ್ನಾಗಿ ಕಲಕಿ. ಆರ್‌ಎಕ್ಸ್ 100ರಲ್ಲಿ ಎಣ್ಣೆಗೆ ಪ್ರತ್ಯೇಕ ಪಂಪಿರುವುದರಿಂದ ಈ ಭಯ ಕಡಿಮೆ, ಆದರೆ ತೆಳುಮಿಶ್ರಣದ ತಾಪ ಅದಕ್ಕೂ ತಪ್ಪಿದ್ದಲ್ಲ.

ಪೆಟ್ರೋಲು ಹೆಚ್ಚಾದಾಗ

ಕಾರ್ಬ್ಯುರೇಟರಿನಿಂದ ಪೆಟ್ರೋಲು ತೊಟ್ಟಿಕ್ಕುವುದು ಸೂಜಿಯಡಿ ಕಸ ಸಿಕ್ಕಿಕೊಂಡುದರಿಂದ ಇರಬಹುದು, ಸೂಜಿ ಸವೆದುದರಿಂದ ಇರಬಹುದು, ಇಲ್ಲವೆ ಟೊಳ್ಳಾದ ಹಿತ್ತಾಳೆಯ ಫ್ಲೋಟ್ ತೂತಾಗಿ ಪೆಟ್ರೋಲು ತುಂಬಿಕೊಂಡು ತೇಲದೆ ಹೋದುದರಿಂದ ಇರಬಹುದು. ಫ್ಲೋಟನ್ನು ಕಿವಿಯ ಬಳಿ ಅಲುಗಿಸಿದರೆ ಒಳಗಿನ ದ್ರವದ ಸದ್ದು ಕೇಳಿಸುತ್ತದೆ. ರಾತ್ರಿಯಿಡೀ ಕಾಕನ್ನು ತೆರೆದಿಟ್ಟು ಹೀಗಾದರೆ ಪೆಟ್ರೋಲು ಎಂಜಿನ್ನಿನೊಳಕ್ಕೂ ಇಳಿಯುತ್ತದೆ. ಬುಲೆಟ್ಟು, ಸಿಡಿ 100ರಂಥ ಫೋರ್-ಸ್ಟ್ರೋಕ್ ಗಾಡಿಗಳಲ್ಲಿ ಅದು ಆಯಿಲನ್ನು ತೆಳುವಾಗಿಸಿ ಬೇರಿಂಗುಗಳನ್ನು ಹಾಳುಮಾಡುವುದರಿಂದ, ಆಯಿಲಿಗೆ ಪೆಟ್ರೋಲಿನ ವಾಸನೆ ಬಂದಿದ್ದರೆ ಅದನ್ನು ಬದಲಿಸದೆ ಸ್ಟಾರ್ಟ್ ಮಾಡಲೇಬಾರದು. ಕಿಕ್ಕು ಅಸಹಜವಾಗಿ ಬಿಗಿಯಾಗಿದ್ದರೆ ಬಲವಾಗಿ ಒದೆಯದೆ ಪ್ಲಗ್ಗನ್ನು ಬಿಚ್ಚಿ ಮೆಲ್ಲನೆ ತಿರುಗಿಸಿ ಪೆಟ್ರೋಲನ್ನು ಹೊರಹಾಕಬೇಕು.

ಯಾವ ಹಂತದಲ್ಲಿ ಕೆಮ್ಮುತ್ತದೆ?

ಹರಿವು ಸರಿಯಿದ್ದೂ ಗಾಡಿ ಸರಿಯಾಗಿ ಓಡದಿದ್ದರೆ, ಆಕ್ಸಿಲರೇಟರ್ ಎಷ್ಟು ತೆರೆದಾಗ ತೊಂದರೆ ತೋರುತ್ತದೆಂಬುದೇ ದಾರಿ ತೋರಿಸುತ್ತದೆ. ಹಿಡಿಕೆಯ ಮೇಲೂ ಅದರ ಪಕ್ಕದಲ್ಲಿಯೂ ಸೀಮೆಸುಣ್ಣದಿಂದ ಗುರುತು ಹಾಕಿಕೊಂಡರೆ ಊಹೆಗೆ ಎಡೆಯಿರುವುದಿಲ್ಲ. ಎಂಟನೆಯ ಒಂದು ಭಾಗದವರೆಗೆ ಆಡಳಿತ ಪೈಲಟ್ ಜೆಟ್ಟಿನದು. ಅಲ್ಲಿಂದ ಕಾಲುಭಾಗದವರೆಗೆ ಥ್ರಾಟಲ್ ಸ್ಲೈಡಿನ ಕೆಳಗಿನ ಕತ್ತರಿಕೆಯದು. ಕಾಲಿನಿಂದ ಮುಕ್ಕಾಲಿನವರೆಗೆ ಸ್ಲೈಡಿನಲ್ಲಿ ತೂಗುವ ಉದ್ದನೆಯ ಸೂಜಿಯದು. ಮುಕ್ಕಾಲಿನಿಂದ ಪೂರ್ಣದವರೆಗೆ ಮೈನ್ ಜೆಟ್ಟಿನದು. ಐಡ್ಲಿಂಗ್ ನಿಲ್ಲದ ಗಾಡಿಗೆ ಮೈನ್ ಜೆಟ್ ಬದಲಿಸಿ ಪ್ರಯೋಜನವಿಲ್ಲವೆಂಬುದು ಇದರಿಂದ ಸ್ಪಷ್ಟ. ನಡುವಿನ ಹಂತದಲ್ಲಿ ತೆಳುಮಿಶ್ರಣದ ಲಕ್ಷಣ ಕಂಡರೆ ಸೂಜಿಯ ಕ್ಲಿಪ್ಪನ್ನು ಒಂದು ಗೀರು ಕೆಳಕ್ಕೆ ಇಳಿಸಿದಾಗ ಸೂಜಿ ಮೇಲೇರಿ ಪೆಟ್ರೋಲು ಹೆಚ್ಚುತ್ತದೆ. ಎಥೆನಾಲ್ ಪೆಟ್ರೋಲಿನಲ್ಲಿ ತೆಳುವಾದ ಹಳೆಯ ಗಾಡಿಗಳಿಗೆ ಈ ಒಂದು ಗೀರು ಅನೇಕವೇಳೆ ಸಾಕಾಗುತ್ತದೆ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಜೆಟ್ಟಿಗೆ ಗುಂಡುಸೂಜಿಯನ್ನೋ ಉಕ್ಕಿನ ತಂತಿಯನ್ನೋ ತೂರಿಸುವುದು ಎಲ್ಲಕ್ಕಿಂತ ದೊಡ್ಡದು. ಹಿತ್ತಾಳೆಯ ರಂಧ್ರ ಕೂದಲೆಳೆಯಷ್ಟು ಅಗಲವಾದರೂ ಮತ್ತೆ ಕಿರಿದಾಗದು. ಆಮೇಲೆ ಮೈಲೇಜು ಬೀಳುವುದಕ್ಕೂ ಪ್ಲಗ್ಗು ಮಸಿ ಕಟ್ಟುವುದಕ್ಕೂ ಕಾರಣ ಹುಡುಕುತ್ತ ಅಲೆಯಬೇಕಾಗುತ್ತದೆ.

ಪಂಕ್ಚರ್ ಅಂಗಡಿಯ ಕಂಪ್ರೆಸರಿನ ಗಾಳಿಯನ್ನು ಫ್ಲೋಟೂ ರಬ್ಬರುಗಳೂ ಒಳಗಿರುವಾಗಲೇ ಬಿಡುವುದು ಇನ್ನೊಂದು. ಟೊಳ್ಳು ಫ್ಲೋಟ್ ಆ ಒತ್ತಡಕ್ಕೆ ತಗ್ಗಾಗಿಬಿಡಬಹುದು. ಎಲ್ಲವನ್ನೂ ಬಿಚ್ಚಿದ ಮೇಲೆಯೇ, ಕಣ್ಣಿಗೆ ಕನ್ನಡಕ ಧರಿಸಿ, ಊದಿಸಿರಿ. ಕ್ಲೀನರಿನಲ್ಲಿ ರಬ್ಬರಿನ ಭಾಗಗಳನ್ನು ನೆನೆಸುವುದೂ ಸಲ್ಲದು.

ಸ್ಕ್ರೂ ತಿರುಗಿಸುವ ಮುನ್ನ ಅದರ ಸ್ಥಾನವನ್ನು ಬರೆದಿಟ್ಟುಕೊಳ್ಳದಿರುವುದು ಬಹು ಸಾಮಾನ್ಯ. ಮೆಲ್ಲನೆ ಪೂರ್ತಿ ಒಳಕ್ಕೆ ತಿರುಗಿಸಿ ಎಷ್ಟು ಸುತ್ತಾಯಿತೆಂದು ಎಣಿಸಿ, ಬರೆದು, ಆಮೇಲೆ ಬಿಚ್ಚಿ. ಒಂದೂವರೆ ಸುತ್ತು ಹೊರಗೆ ಎಂಬುದು ಅನೇಕ ಗಾಡಿಗಳಿಗೆ ತಕ್ಕ ಆರಂಭಸ್ಥಾನ. ಸಾಮಾನ್ಯವಾಗಿ ಏರ್ ಫಿಲ್ಟರಿನ ಕಡೆಗಿರುವ ಸ್ಕ್ರೂ ಗಾಳಿಯದು, ಹೊರಕ್ಕೆ ತಿರುಗಿಸಿದಷ್ಟೂ ಮಿಶ್ರಣ ತೆಳುವಾಗುವುದು. ಎಂಜಿನ್ನಿನ ಕಡೆಗಿರುವುದು ಮಿಶ್ರಣದ್ದು, ಹೊರಕ್ಕೆ ತಿರುಗಿಸಿದಷ್ಟೂ ದಟ್ಟವಾಗುವುದು. ಈ ಭೇದವನ್ನರಿಯದೆ ತಿರುಗಿಸಿದವನು ಬೇಕಾದುದಕ್ಕೆ ವಿರುದ್ಧವಾದುದನ್ನೇ ಮಾಡುತ್ತಾನೆ. ಸೆಟ್ಟಿಂಗು ಮಾಡುವುದಾದರೂ ಎಂಜಿನ್ನು ಚೆನ್ನಾಗಿ ಬಿಸಿಯಾದ ಮೇಲೆಯೇ. ತಣ್ಣನೆಯ ಎಂಜಿನ್ನಿನಲ್ಲಿ ಹದಗೊಳಿಸಿದುದು ರಸ್ತೆಯಲ್ಲಿ ಉಳಿಯುವುದಿಲ್ಲ.

ಗಾಡಿ ಎಳೆಯುವುದಿಲ್ಲವೆಂದು ಏರ್ ಫಿಲ್ಟರನ್ನು ತೆಗೆದೆಸೆದು ಓಡಿಸುವವರೂ ಉಂಟು. ಎರೆಹೊಲದ ಹುಡಿಯೂ ಅದಿರಿನ ಧೂಳೂ ಇರುವ ನಮ್ಮ ರಸ್ತೆಗಳಲ್ಲಿ ಇದು ಪಿಸ್ಟನ್ ರಿಂಗುಗಳನ್ನು ಅರಗೊಟ್ಟು ತೇಯ್ದಂತೆ ತೇಯುತ್ತದೆ. ಮುಚ್ಚಿಹೋದ ಫಿಲ್ಟರು ಮಿಶ್ರಣವನ್ನು ದಟ್ಟಗೊಳಿಸುವುದು ನಿಜ. ಅದಕ್ಕೆ ಪರಿಹಾರ ಶುದ್ಧಿಯೋ ಬದಲಾವಣೆಯೋ ಹೊರತು ವಿಸರ್ಜನೆಯಲ್ಲ.

ತೋಟದ ಕಳೆ ಕತ್ತರಿಸುವ ಯಂತ್ರಕ್ಕೋ ಔಷಧಿ ಸಿಂಪಡಿಸುವ ಯಂತ್ರಕ್ಕೋ ಎಣ್ಣೆ ಬೆರೆಸಿ ಕ್ಯಾನಿನಲ್ಲಿ ಉಳಿದ ಪೆಟ್ರೋಲನ್ನು ವ್ಯರ್ಥ ಮಾಡುವುದೇಕೆಂದು ಫೋರ್-ಸ್ಟ್ರೋಕ್ ಗಾಡಿಗೆ ಸುರಿಯಬಾರದು. ಕಳೆದ ಹಂಗಾಮಿನಿಂದ ಉಳಿದುದನ್ನು ಯಾವ ಗಾಡಿಗೂ ಹಾಕಬಾರದು.

ಗಾಡಿಯನ್ನು ನಿಲ್ಲಿಸಿಡುವಾಗ

ಕೊಯ್ಲಿನ ಗಡಿಬಿಡಿಯಲ್ಲಿಯೋ ಮಳೆಗಾಲದಲ್ಲಿಯೋ ಎರಡು ಮೂರು ವಾರ ಗಾಡಿಯನ್ನು ಮುಟ್ಟುವುದಿಲ್ಲವೆಂದು ತೋರಿದರೆ, ಕಾಕನ್ನು ಮುಚ್ಚಿ ಡ್ರೈನ್ ಸ್ಕ್ರೂವಿನಿಂದ ಬಟ್ಟಲನ್ನು ಬರಿದುಮಾಡಿಡಿ. ಡ್ರೈನ್ ಸ್ಕ್ರೂ ಇಲ್ಲದಲ್ಲಿ ಕಾಕನ್ನು ಮುಚ್ಚಿ ಎಂಜಿನ್ನನ್ನು ಐಡ್ಲಿಂಗಿನಲ್ಲಿ ತಾನಾಗಿ ನಿಲ್ಲುವವರೆಗೆ ಬಿಡಬಹುದು. ಕೊನೆಯ ಕ್ಷಣಗಳಲ್ಲಿ ಆಕ್ಸಿಲರೇಟರನ್ನು ತಿರುವಬೇಡಿ. ಕೆಲವೇ ವಾರಗಳಾದರೆ ಟ್ಯಾಂಕು ತುಂಬಿರುವುದು ಒಳ್ಳೆಯದು, ತೇವದ ಗಾಳಿಗೆ ಒಳಗೆ ಎಡೆಯಿರುವುದಿಲ್ಲ. ತಿಂಗಳುಗಟ್ಟಲೆಯಾದರೆ ಎಥೆನಾಲ್ ಬೆರೆತ ಪೆಟ್ರೋಲನ್ನು ಒಳಗೆ ಬಿಡದೆ, ಟ್ಯಾಂಕನ್ನು ಬರಿದುಮಾಡಿ ಒಂದಿಷ್ಟು ಎಂಜಿನ್ ಆಯಿಲನ್ನು ಸುರಿದು ಎಲ್ಲ ಕಡೆಗೂ ಓಲಾಡಿಸಿ, ಮುಚ್ಚಳ ಹಾಕಿ ಒಣಗಿದ ಸ್ಥಳದಲ್ಲಿ ನಿಲ್ಲಿಸಿ. ಮತ್ತೆ ಹೊರಡಿಸುವ ದಿನ ಆ ಆಯಿಲನ್ನು ಒಂದಷ್ಟು ಪೆಟ್ರೋಲಿನಿಂದ ತೊಳೆದು ಹೊರಚೆಲ್ಲಿ, ಹೊಸ ಪೆಟ್ರೋಲು ಹಾಕಿ, ಕೊಳವೆಯನ್ನು ಬಿಡಿಸಿ ಮೊದಲ ನೂರು ಮಿಲಿಲೀಟರನ್ನು ಪಾತ್ರೆಗೆ ಹರಿಸಿ ನೋಡಿದ ಬಳಿಕವೇ ಕಾರ್ಬ್ಯುರೇಟರಿಗೆ ಜೋಡಿಸಿ.